ಕೈಗಾದ ಕೊಳವೆಗಳು ಎಷ್ಟು ಹೈಡ್ರೋಜನ್ ಕುಡಿದಿವೆ?

ಬೆಟ್ಟದಪುರದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ವೆಲ್ಡಿಂಗ್ ಶಾಪ್ ಇದೆ. ಕೆಲವು ವರ್ಷದ ಹಿಂದೆ ಶ್ರಾವಣದ ಮಳೆಯಲ್ಲಿ, ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಹೊಡೆಯುತ್ತಿದ್ದ ನಮ್ಮ ಟ್ರೈಲರಿನ ಆಕ್ಸಲ್ ಬಿರುಕು ಬಿಟ್ಟಿತು ಅಂತ ಅಲ್ಲಿಗೆ ತಗೊಂಡು ಹೋಗಿದ್ದೆವು. ಬೆಸುಗೆ ಚೆನ್ನಾಗಿಯೇ ಬಿತ್ತು. ಸುತ್ತಿಗೆಯಲ್ಲಿ ಬಡಿದು ನೋಡಿದರೂ ಜಗ್ಗಲಿಲ್ಲ. ರಾತ್ರಿಯೆಲ್ಲ ಖಾಲಿ ಟ್ರೈಲರ್ ಕೊಟ್ಟಿಗೆ ಪಕ್ಕ ನಿಂತಿತ್ತು, ಅದರ ಮೇಲೆ ಒಂದು ಸೌದೆ ತುಂಡಿನ ಭಾರವೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಂಥ ಹೊಸ ಬಿರುಕು. ವೆಲ್ಡರ್‌ಗೆ ಆಶ್ಚರ್ಯವೇನೂ ಆಗಲಿಲ್ಲ. "ರಾಡು ತೇವ ಕುಡಿದಿತ್ತು ಕಣಣ್ಣ. ಮಳೆಗಾಲದ ರಾಡು ನಂಬಂಗಿಲ್ಲ. ಇವತ್ತು ನಿಂತದೆ, ನಾಳೆ ಬುಡ್ತದೆ" ಅಂದ. ಎರಡನೇ ಸಲ ರಾಡುಗಳನ್ನು ಕಾಯಿಸಿ ಒಣಗಿಸಿ, ಆಕ್ಸಲನ್ನೂ ಬಿಸಿ ಮಾಡಿಕೊಂಡು ಬೆಸುಗೆ ಹಾಕಿದ. ಅದು ಇವತ್ತಿಗೂ ಓಡುತ್ತಿದೆ.

ನಾಲ್ಕು ವರ್ಷ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನನಗೆ ಆ ಕ್ಷಣದಲ್ಲಿ ಹೊಳೆಯದೇ ಇದ್ದದ್ದು ಅವನಿಗೆ ಗೊತ್ತಿತ್ತು. ನಮ್ಮ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಕೊಟ್ಟಿದ್ದರು: ಹೈಡ್ರೋಜನ್ ಎಂಬ್ರಿಟಲ್‌ಮೆಂಟ್. ಅಂದರೆ ಹೈಡ್ರೋಜನ್ ಹೊಕ್ಕು ಲೋಹ ಪೆಡಸಾಗುವುದು. ರಾಡಿನ ಲೇಪನದಲ್ಲಿದ್ದ ತೇವ ಆರ್ಕಿನ ಶಾಖಕ್ಕೆ ಒಡೆದು ಹೈಡ್ರೋಜನ್ ಆಗುತ್ತದೆ. ಪರಮಾಣುಗಳಲ್ಲೆಲ್ಲ ಅತಿ ಚಿಕ್ಕದು ಅದು, ಕಾದ ಉಕ್ಕಿನೊಳಗೆ ಸಲೀಸಾಗಿ ನುಸುಳುತ್ತದೆ. ಉಕ್ಕು ಆರಿದ ಮೇಲೆ ಅಲ್ಲಿ ಜಾಗ ಸಾಲದೆ, ಎಲ್ಲಿ ಲೋಹ ಒಳಗೊಳಗೇ ಬಿಗಿದುಕೊಂಡಿದೆಯೋ ಅಲ್ಲಿಗೆ ಹೋಗಿ ಗುಂಪುಗೂಡುತ್ತದೆ. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಆಮೇಲೆ ಬಿರುಕು. ಇಂಗ್ಲೆಂಡಿನ ವಿಲಿಯಂ ಜಾನ್ಸನ್ ಇದನ್ನು 1875ರಲ್ಲೇ ಬರೆದಿಟ್ಟಿದ್ದ: ಆಮ್ಲದಲ್ಲಿ ಅದ್ದಿದ ಕಬ್ಬಿಣದ ತಂತಿ ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ, ಕೆಲವು ದಿನ ಹಾಗೇ ಬಿಟ್ಟರೆ ಮತ್ತೆ ಸರಿಹೋಗುತ್ತದೆ ಅಂತ.

ಹೊಗೆಸೊಪ್ಪು ಬೆಳೆಯುವವರಿಗೆ ಇದು ತಿರುಗಾಮುರುಗಾ ಅನ್ನಿಸಬಹುದು. ನಮ್ಮಲ್ಲಿ ಬ್ಯಾರನ್‌ನಿಂದ ಬಂದ ಎಲೆ ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ರಾತ್ರಿ ಬಾಗಿಲು ತೆಗೆದಿಟ್ಟು, ಅದು ಗಾಳಿಯ ತೇವ ಎಳೆದುಕೊಂಡು ಹದಕ್ಕೆ ಬಂದ ಮೇಲೆ ಇಳಿಸುತ್ತೇವೆ. ಎಲೆಗೆ ನೀರು ಹದ ಕೊಡುತ್ತದೆ. ಲೋಹದ ವಿಷಯದಲ್ಲಿ ನೀರಿನ ಅರ್ಧ ಭಾಗವೇ ಶತ್ರು.

ಈಗ ಅದೇ ಕಥೆಯನ್ನು ಉತ್ತರ ಕನ್ನಡಕ್ಕೆ ತಗೊಂಡು ಹೋಗೋಣ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ತಲಾ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರುಗಳಿವೆ. ಮೊದಲ ಎರಡು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಕೈಗಾ ಅಂದ ತಕ್ಷಣ ನಮ್ಮ ಹಿಂದಿನ ತಲೆಮಾರಿಗೆ ಶಿವರಾಮ ಕಾರಂತರು ನೆನಪಾಗುತ್ತಾರೆ. ಈ ಯೋಜನೆಯ ವಿರುದ್ಧ ದನಿ ಎತ್ತಲೆಂದೇ ಅವರು 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರವೇ ಕಳಚಿ ಬಿತ್ತು. ಅದೆಲ್ಲ ಕಣ್ಣಿಗೆ ಕಾಣುವ ಕಾಂಕ್ರೀಟಿನ ಕಥೆ. ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದ ಒಂದು ವಿಷಯ, ಕೈಗಾಕ್ಕೆ ಈಗ 25 ವರ್ಷ ತುಂಬಿದ ಮೇಲೆ ಮುಖ್ಯವಾಗುವ ವಿಷಯ.

ಕೈಗಾದ್ದು ಭಾರಜಲದ ರಿಯಾಕ್ಟರ್. ಇದರಲ್ಲಿ ಪ್ರೆಶರ್ ಕುಕ್ಕರಿನಂಥ ಒಂದೇ ದೊಡ್ಡ ಉಕ್ಕಿನ ಪಾತ್ರೆ ಇರುವುದಿಲ್ಲ. ಅದರ ಬದಲು ಅಡ್ಡಡ್ಡ ಮಲಗಿಸಿದ 306 ಕೊಳವೆಗಳು. ಒಂದೊಂದರ ಒಳ ಅಗಲ ಎಂಟು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಗೋಡೆಯ ದಪ್ಪ ಮೂರು-ಮೂರೂವರೆ ಮಿಲಿಮೀಟರ್. ಯುರೇನಿಯಂ ಕಟ್ಟುಗಳು ಇರುವುದು ಇದರೊಳಗೇ. ಸುಮಾರು 290 ಡಿಗ್ರಿಗೆ ಕಾದ ಭಾರಜಲ ವಾತಾವರಣದ ಒತ್ತಡಕ್ಕಿಂತ 80-90 ಪಟ್ಟು ಒತ್ತಡದಲ್ಲಿ ಹರಿಯುವುದೂ ಇದರೊಳಗೇ. ಈ ಕೊಳವೆಯ ಸುತ್ತ ಇನ್ನೊಂದು ತೆಳು ಕೊಳವೆ, ಎರಡರ ನಡುವಿನ ಸಂದಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಅನಿಲ, ಆಚೆ ಕಡೆ ತಣ್ಣಗಿನ ಭಾರಜಲದ ತೊಟ್ಟಿ. ಒಳಗಿನ ಬಿಸಿ ಕೊಳವೆ ಬಾಗಿ ಹೊರಗಿನ ತಣ್ಣನೆ ಕೊಳವೆಗೆ ತಾಗದಿರಲಿ ಅಂತ ನಡುನಡುವೆ ಬಳೆಯಂಥ ಸ್ಪ್ರಿಂಗುಗಳು. ಈ ಬಳೆಗಳನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ಕೊಳವೆಯನ್ನು ಜಿರ್ಕೋನಿಯಂ ಮಿಶ್ರಲೋಹದಲ್ಲಿ ಮಾಡುತ್ತಾರೆ. ಕಾರಣ ಸರಳ: ಉಕ್ಕು ನ್ಯೂಟ್ರಾನುಗಳನ್ನು ನುಂಗುತ್ತದೆ, ಜಿರ್ಕೋನಿಯಂ ಹೆಚ್ಚುಕಮ್ಮಿ ಹಾಗೇ ದಾಟಲು ಬಿಡುತ್ತದೆ. ನಮ್ಮದು ಪುಷ್ಟೀಕರಿಸದ ಯುರೇನಿಯಂ, ಒಂದು ನ್ಯೂಟ್ರಾನೂ ದಂಡವಾಗುವಂತಿಲ್ಲ. ಕರಾವಳಿಯ ಮರಳಿನಲ್ಲಿ ಸಿಗುವ ಜಿರ್ಕಾನ್ ಎಂಬ ಖನಿಜದಿಂದ ಲೋಹ ತೆಗೆದು, ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್‌ನಲ್ಲಿ ಕೊಳವೆ ಎಳೆಯುತ್ತಾರೆ. ಮೊದಮೊದಲು ಜಿರ್ಕಲಾಯ್-2 ಅನ್ನೋ ಮಿಶ್ರಲೋಹ ಬಳಸುತ್ತಿದ್ದರು. ಕೈಗಾ ಹೊತ್ತಿಗೆ ಎರಡೂವರೆ ಶೇಕಡಾ ನಿಯೋಬಿಯಂ ಬೆರೆಸಿದ ಲೋಹ ಬಂದಿತ್ತು.

ಜಿರ್ಕೋನಿಯಂಗೆ ಒಂದು ಚಟ ಇದೆ. ಬಿಸಿನೀರು ಸಿಕ್ಕಿದರೆ ಅದರ ಆಮ್ಲಜನಕವನ್ನು ಕಿತ್ತುಕೊಂಡು ಮೈಮೇಲೆ ಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ. ಆ ಪದರವೇ ಅದಕ್ಕೆ ರಕ್ಷಣೆ. ಆದರೆ ಆಮ್ಲಜನಕ ಹೋದ ಮೇಲೆ ಅನಾಥವಾಗಿ ಉಳಿದ ಹೈಡ್ರೋಜನ್ ಎಲ್ಲಿಗೆ ಹೋಗಬೇಕು? ಬಹುಪಾಲು ನೀರಿನ ಜೊತೆ ಹೊರಟುಹೋಗುತ್ತದೆ. ಸ್ವಲ್ಪ ಭಾಗ ಲೋಹದೊಳಗೆ ಇಳಿಯುತ್ತದೆ. ಭಾರಜಲವಾದ್ದರಿಂದ ಇಲ್ಲಿ ಇಳಿಯುವುದು ಹೈಡ್ರೋಜನ್ನಿನ ದಪ್ಪ ಅಣ್ಣ ಡ್ಯೂಟೀರಿಯಂ. ತೂಕ ಎರಡರಷ್ಟು, ಗುಣ ಅದೇ. ಒಂದು ದಿನದ ಲೆಕ್ಕದಲ್ಲಿ ಇದು ಏನೂ ಅಲ್ಲ. 25 ವರ್ಷದ ಲೆಕ್ಕದಲ್ಲಿ ಅದೇ ಆ ಕೊಳವೆಯ ಆಯಸ್ಸು.

ಎಷ್ಟು ಇಳಿದರೆ ಅಪಾಯ? ಕೆನಡಾದಲ್ಲಿ ನಿಯಂತ್ರಕರು ಹಾಕಿಕೊಂಡಿದ್ದ ಮಿತಿ 120 ಪಿಪಿಎಂ, ಅಂದರೆ ಒಂದು ಕಿಲೋ ಲೋಹದಲ್ಲಿ 120 ಮಿಲಿಗ್ರಾಂ ಹೈಡ್ರೋಜನ್. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಇಷ್ಟಕ್ಕೇ ಲೋಹ ಹೆದರಬೇಕಾ ಅಂತ ನನಗೂ ಅನ್ನಿಸಿತ್ತು. ಪೆನ್ನು ತಗೊಂಡು ಲೆಕ್ಕ ಹಾಕಿದೆ. ಜಿರ್ಕೋನಿಯಂ ಪರಮಾಣು ಹೈಡ್ರೋಜನ್ನಿಗಿಂತ ಸುಮಾರು 91 ಪಟ್ಟು ಭಾರ. ಹಾಗಾಗಿ ತೂಕದಲ್ಲಿ ಚಿಟಿಕೆಯಾದದ್ದು ಎಣಿಕೆಯಲ್ಲಿ ಹೆಚ್ಚುಕಮ್ಮಿ ಪ್ರತಿ ನೂರು ಜಿರ್ಕೋನಿಯಂ ಪರಮಾಣುಗೆ ಒಂದು ಹೈಡ್ರೋಜನ್. ನೂರು ಜನರ ಊರಲ್ಲಿ ಒಬ್ಬ ಗಲಾಟೆ ಮಾಡುವವನು ಇದ್ದರೆ ಸಾಕಲ್ಲ.

ಗಲಾಟೆ ಶುರುವಾಗುವುದು ರಿಯಾಕ್ಟರ್ ಆರಿದಾಗ. ಬೆಲ್ಲದ ಪಾಕ ಕಾದಿರುವಾಗ ತಿಳಿಯಾಗಿರುತ್ತದೆ, ಆರಿದರೆ ಹರಳುಗಟ್ಟುತ್ತದೆ. ಹಾಗೆಯೇ 300 ಡಿಗ್ರಿಯಲ್ಲಿ ಒಂದು ಕಿಲೋ ಜಿರ್ಕೋನಿಯಂ 60-70 ಮಿಲಿಗ್ರಾಂ ಆಸುಪಾಸು ಹೈಡ್ರೋಜನ್ನನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಕೋಣೆಯ ಉಷ್ಣತೆಗೆ ಬಂದರೆ ಒಂದು ಮಿಲಿಗ್ರಾಮನ್ನೂ ಇಟ್ಟುಕೊಳ್ಳಲಾರದು. ಉಳಿದದ್ದೆಲ್ಲ ಜಿರ್ಕೋನಿಯಂ ಹೈಡ್ರೈಡ್ ಎಂಬ ತೆಳ್ಳನೆ ಬಿಲ್ಲೆಗಳಾಗಿ ಲೋಹದೊಳಗೇ ಕೂರುತ್ತದೆ. ಈ ಬಿಲ್ಲೆಗಳು ಪಿಂಗಾಣಿಯ ಚೂರುಗಳಂತೆ. ಕೊಳವೆಯ ಸುತ್ತಳತೆಗೆ ಹೊಂದಿಕೊಂಡು ಮಲಗಿದರೆ ಅಷ್ಟು ತೊಂದರೆ ಇಲ್ಲ. ಒಳಗಿನಿಂದ ಹೊರಕ್ಕೆ, ಗೋಡೆ ಸೀಳುವ ದಿಕ್ಕಿನಲ್ಲಿ ನಿಂತರೆ ಕಷ್ಟ.

ಇನ್ನೂ ಕೆಟ್ಟದ್ದು ಒಂದಿದೆ. ಕೊಳವೆಯ ಮೈಯಲ್ಲಿ ಎಲ್ಲೋ ಒಂದು ಸಣ್ಣ ಗೀರು ಇದೆ ಅಂದುಕೊಳ್ಳಿ. ಗೀರಿನ ತುದಿಯಲ್ಲಿ ಲೋಹ ಜಾಸ್ತಿ ಎಳೆತಕ್ಕೆ ಸಿಕ್ಕಿರುತ್ತದೆ. ಹೈಡ್ರೋಜನ್ ಅಲ್ಲಿಗೇ ಹರಿದು ಬರುತ್ತದೆ, ಬಿಲ್ಲೆ ಬೆಳೆಯುತ್ತದೆ, ಒಂದು ಹಂತಕ್ಕೆ ಒಡೆಯುತ್ತದೆ. ಗೀರು ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ತುದಿಗೆ ಮತ್ತೆ ಹೈಡ್ರೋಜನ್, ಮತ್ತೆ ಬಿಲ್ಲೆ, ಮತ್ತೆ ಒಡೆತ. ಇಂಜಿನಿಯರುಗಳು ಇದನ್ನು ತಡವಾಗಿ ಬರುವ ಹೈಡ್ರೈಡ್ ಬಿರುಕು ಅನ್ನುತ್ತಾರೆ. ನಮ್ಮ ವೆಲ್ಡರ್ ಹೇಳಿದ್ದೂ ಅದೇ ಅಲ್ವಾ, ಇವತ್ತು ನಿಂತದೆ, ನಾಳೆ ಬುಡ್ತದೆ.

1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್‌ನಲ್ಲಿ ಇದು ಪುಸ್ತಕದಿಂದ ಹೊರಗೆ ಬಂತು. ಎರಡನೇ ಘಟಕದ ಜಿ-16 ಎಂಬ ಕೊಳವೆ ಓಡುತ್ತಿರುವಾಗಲೇ ಉದ್ದಕ್ಕೆ ಎರಡು ಮೀಟರಿನಷ್ಟು ಸೀಳಿತು. ಆ ಬಳೆಗಳು ತಮ್ಮ ಜಾಗ ಬಿಟ್ಟು ಸರಿದಿದ್ದವು. ಬಿಸಿ ಕೊಳವೆ ಬಾಗಿ ತಣ್ಣನೆ ಕೊಳವೆಗೆ ತಾಗಿತ್ತು. ಹೈಡ್ರೋಜನ್ನಿಗೆ ತಂಪು ಜಾಗ ಅಂದರೆ ಇಷ್ಟ, ತಾಗಿದ ಕಡೆಯೆಲ್ಲ ಬಂದು ಸೇರಿ ಹೈಡ್ರೈಡಿನ ಗುಳ್ಳೆಗಳಾಗಿದ್ದವು. ಸಿಬ್ಬಂದಿ ರಿಯಾಕ್ಟರನ್ನು ಸುರಕ್ಷಿತವಾಗಿಯೇ ನಿಲ್ಲಿಸಿದರು. ಆದರೆ ಅಲ್ಲಿಯವರೆಗೆ ಎಲ್ಲರೂ ನಂಬಿದ್ದ ಒಂದು ಮಾತು ಸುಳ್ಳಾಯಿತು. ಕೊಳವೆ ಒಡೆಯುವ ಮುಂಚೆ ಸಣ್ಣದಾಗಿ ಸೋರುತ್ತದೆ, ಸಂದಿಯ ಅನಿಲದಲ್ಲಿ ತೇವ ಕಾಣಿಸಿ ನಮಗೆ ಎಚ್ಚರಿಕೆ ಸಿಗುತ್ತದೆ ಅನ್ನುವುದು ಆ ನಂಬಿಕೆ. ಜಿ-16 ಸೋರಿ ಎಚ್ಚರಿಸಲಿಲ್ಲ, ಸೀದಾ ಒಡೆಯಿತು.

ನಮ್ಮಲ್ಲಿ ಜಿರ್ಕಲಾಯ್-2 ಅನ್ನು ಕೈಬಿಟ್ಟು ನಿಯೋಬಿಯಂ ಮಿಶ್ರಲೋಹಕ್ಕೆ ಹೋಗಲು, ಬಳೆಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿ ಬಿಗಿ ಮಾಡಲು ಇದೇ ದೊಡ್ಡ ಕಾರಣ. ಭಾರತವೂ ಪಾಠ ಕಲಿಯಿತು ಅಂತ ಒಪ್ಪಿಕೊಳ್ಳಬೇಕು. 1990ರ ದಶಕದಲ್ಲಿ ರಾಜಸ್ಥಾನದ ಎರಡನೇ ಘಟಕದಿಂದ ಶುರುವಾಗಿ, ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್ ಹೀಗೆ ಹಳೇ ರಿಯಾಕ್ಟರುಗಳ 306 ಕೊಳವೆಗಳನ್ನೂ ಕಿತ್ತು ಹೊಸದು ಹಾಕಿದರು. ಇದು ಮನೆಯ ನಲ್ಲಿ ಪೈಪ್ ಬದಲಾಯಿಸಿದ ಹಾಗಲ್ಲ. ವಿಕಿರಣ ಸೂಸುವ ಕೊಳವೆಯನ್ನು ದೂರದಿಂದ ಯಂತ್ರ ನಡೆಸಿ ಕತ್ತರಿಸಿ ತೆಗೆಯಬೇಕು, ರಿಯಾಕ್ಟರ್ ವರ್ಷಗಟ್ಟಲೆ ನಿಲ್ಲುತ್ತದೆ, ಆ ಜಾಗದಲ್ಲಿ ದುಡಿಯುವವರು ಒಂದಿಷ್ಟು ವಿಕಿರಣವನ್ನು ಮೈಗೆ ಹಾಕಿಸಿಕೊಳ್ಳುತ್ತಾರೆ. ಆದರೂ ಇದನ್ನು ನಮ್ಮವರೇ ಕಲಿತು ಮಾಡಿದರು. ಪರಮಾಣು ಅಂದರೆ ಕಣ್ಣು ಮುಚ್ಚಿ ಬೇಡ ಅನ್ನುವವರೂ ಇದನ್ನು ಗಮನಿಸಬೇಕು.

ಹೊಸ ಕೊಳವೆ ಹಾಕಿದ ಮಾತ್ರಕ್ಕೆ ಚಿಂತೆ ಮುಗಿಯಲಿಲ್ಲ. ಕಾಕ್ರಾಪಾರದ ಮೊದಲ ಘಟಕ ಹೊಸ ನಿಯೋಬಿಯಂ ಕೊಳವೆಗಳೊಂದಿಗೆ 2011ರಲ್ಲಿ ಮತ್ತೆ ಶುರುವಾಯಿತು. ಐದೇ ವರ್ಷಕ್ಕೆ, 2016ರ ಮಾರ್ಚ್ 11ರಂದು (ಫುಕುಶಿಮಾ ದುರಂತದ ಐದನೇ ವರ್ಷದ ದಿನವೇ) ಅದರ ಒಂದು ಕೊಳವೆ ಸೋರಿ ಸ್ಥಾವರದಲ್ಲಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ಪಕ್ಕದ ಎರಡನೇ ಘಟಕ 2015ರಲ್ಲೇ ಸೋರಿ ನಿಂತಿತ್ತು. ಹೊರಗೆ ವಿಕಿರಣ ಮಿತಿ ಮೀರಲಿಲ್ಲ ಅಂತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹೇಳಿತು. ಪರೀಕ್ಷಿಸಿದಾಗ ಕೊಳವೆಗಳ ಹೊರಮೈಯಲ್ಲಿ ಮಚ್ಚೆ ಮಚ್ಚೆಯಾಗಿ ತುಕ್ಕು. ಬೆರಳು ತೋರಿದ್ದು ಸಂದಿಯಲ್ಲಿ ಹರಿಸುತ್ತಿದ್ದ ಕಾರ್ಬನ್ ಡೈ ಆಕ್ಸೈಡಿನಲ್ಲಿದ್ದ ಕಲ್ಮಶದ ಕಡೆಗೆ. ಎಲ್ಲರೂ ಒಳಗಿನ ನೀರನ್ನು ಕಾಯುತ್ತಾ ಕೂತಿದ್ದರು, ಕಳ್ಳ ಹಿತ್ತಲ ಬಾಗಿಲಿಂದ ಬಂದ. ಎರಡೂ ಘಟಕಗಳ ಕೊಳವೆಗಳನ್ನು ಕಿತ್ತು ಹಾಕಿ ಪುನಃ ಶುರು ಮಾಡುವ ಹೊತ್ತಿಗೆ 2018 ಮತ್ತು 2019 ಆಯಿತು.

ಈಗ ಕೈಗಾದ ದಾಖಲೆಯನ್ನು ಇನ್ನೊಂದು ಕಣ್ಣಿನಿಂದ ನೋಡಬಹುದು. ಕೈಗಾ 1 ಒಂದೇ ಸಮನೆ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಾಗ ಅದು ವಿಶ್ವದಾಖಲೆ. (2020ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ ಅದನ್ನು ಮುರಿಯಿತು, ಅದೂ ಭಾರಜಲದ ರಿಯಾಕ್ಟರೇ.) ವಾಟ್ಸಾಪಿನಲ್ಲಿ ಅವತ್ತು ಬಂದ ತ್ರಿವರ್ಣದ ಮೆಸೇಜುಗಳು ನಿಮಗೂ ನೆನಪಿರಬಹುದು. ಕೊಳವೆಯ ದೃಷ್ಟಿಯಿಂದ ಆ 962 ದಿನಗಳು ಒಂದು ರೀತಿಯಲ್ಲಿ ಒಳ್ಳೆಯ ದಿನಗಳೇ. ಹೈಡ್ರೈಡ್ ಹರಳುಗಟ್ಟುವುದು ಆರುವಾಗ. ಆರಿಸಿ ಕಾಯಿಸುವುದು ಎಷ್ಟು ಕಡಿಮೆಯೋ ಅಷ್ಟು ಬಿರುಕಿನ ಅವಕಾಶ ಕಡಿಮೆ. ಇನ್ನೊಂದು ರೀತಿಯಲ್ಲಿ ಅದೇ 962 ದಿನಗಳೂ ಲೋಹ ಬಿಸಿನೀರಲ್ಲಿ ಡ್ಯೂಟೀರಿಯಂ ಕುಡಿಯುತ್ತಲೇ ಇತ್ತು, ಮತ್ತು ಓಡುವ ರಿಯಾಕ್ಟರಿನ ಕೊಳವೆಯೊಳಗೆ ಇಣುಕಿ ತಪಾಸಣೆ ಮಾಡಲಾಗುವುದಿಲ್ಲ.

ತಪಾಸಣೆ ಹೇಗೆ ಅನ್ನುವುದೂ ಸ್ವಾರಸ್ಯದ ವಿಷಯ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇದಕ್ಕಾಗಿ ಬಾರ್ಸಿಸ್ ಎಂಬ ಯಂತ್ರ ಮಾಡಿದೆ. ಅದು ಕೊಳವೆಯೊಳಗೆ ತೆವಳಿ ಅಲ್ಟ್ರಾಸೌಂಡಿನಿಂದ ಗೀರು ಹುಡುಕುತ್ತದೆ, ದಪ್ಪ ಅಳೆಯುತ್ತದೆ, ಬಳೆಗಳು ಎಲ್ಲಿವೆ ನೋಡುತ್ತದೆ. ಹೈಡ್ರೋಜನ್ ಎಷ್ಟಿದೆ ತಿಳಿಯಲು ಇನ್ನೊಂದು ಸಾಧನ ಒಳಗೋಡೆಯಿಂದ ತೆಂಗಿನಕಾಯಿ ತುರಿದ ಹಾಗೆ ಕಾಗದದಷ್ಟು ತೆಳು ಚೂರೊಂದನ್ನು ಕೆರೆದು ತರುತ್ತದೆ, ಕೊಳವೆ ಹಾಳಾಗದಂತೆ. ಆ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಸಂಖ್ಯೆ ಸಿಗುತ್ತದೆ. ಎಲ್ಲ 306 ಕೊಳವೆಗಳನ್ನೂ ಕೆರೆಯಲು ಆಗಲ್ಲ, ಕೆಲವನ್ನು ಆರಿಸಿ ಕೆರೆಯುತ್ತಾರೆ, ಉಳಿದವಕ್ಕೆ ಅಂದಾಜು.

ಅಂದಾಜು ತಪ್ಪಬಹುದು ಅನ್ನುವುದಕ್ಕೆ ಸಾಕ್ಷಿ 2021ರಲ್ಲಿ ಸಿಕ್ಕಿತು. ಕೆನಡಾದ ಬ್ರೂಸ್ ಸ್ಥಾವರದ ಎರಡು ಘಟಕಗಳಲ್ಲಿ ಕೆಲವು ಕೊಳವೆಗಳ ಅಳತೆ 120ರ ಮಿತಿ ಮೀರಿತ್ತು. ಮೂರನೇ ಘಟಕದಲ್ಲಿ 131, ಆರನೆಯದರಲ್ಲಿ 211. ಲೆಕ್ಕದ ಮಾದರಿ ಅಷ್ಟು ಬರುತ್ತದೆ ಅಂತ ಹೇಳಿರಲಿಲ್ಲ. ಯಾವ ಕೊಳವೆಯೂ ಒಡೆಯಲಿಲ್ಲ. ಆದರೆ ನನಗೆ ಮುಖ್ಯ ಅನ್ನಿಸುವುದು ಮುಂದಿನದ್ದು. ಆ ಸಂಖ್ಯೆಗಳು ಹೊರಬಂದವು, ಅಲ್ಲಿನ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿತು, ಪತ್ರಕರ್ತರು ಪ್ರಶ್ನೆ ಕೇಳಿದರು. ಅದರಿಂದಾಗಿಯೇ ಬೆಟ್ಟದಪುರದ ಜಗಲಿಯಲ್ಲಿ ಕೂತು ನಾನು ಆ 211ನ್ನು ಇಲ್ಲಿ ಬರೆಯಲು ಸಾಧ್ಯವಾಗಿದೆ. ಬೆಲ್ಜಿಯಂನಲ್ಲೂ ಹೀಗೇ ಆಯಿತು. 2012ರಲ್ಲಿ ಅಲ್ಲಿನ ಡೋಲ್ 3 ಮತ್ತು ತಿಹಾಂಜ್ 2 ರಿಯಾಕ್ಟರುಗಳ ಉಕ್ಕಿನ ಪಾತ್ರೆಯಲ್ಲಿ ಸಾವಿರಾರು ಸೂಕ್ಷ್ಮ ದೋಷಗಳು ಕಂಡವು. ದಶಕಗಳ ಹಿಂದೆ ಉಕ್ಕನ್ನು ಬಡಿದು ರೂಪಿಸುವಾಗಲೇ ಸಿಕ್ಕಿಹಾಕಿಕೊಂಡ ಹೈಡ್ರೋಜನ್ ಅದು. ಅಕ್ಕಪಕ್ಕದ ದೇಶಗಳೂ ಸೇರಿ ವರ್ಷಗಟ್ಟಲೆ ಜಗಳ ಆಡಿದವು, ಎಲ್ಲರ ಕಣ್ಣೆದುರೇ.

ನಮ್ಮಲ್ಲಿ? ಎಇಆರ್‌ಬಿ 1983ರಿಂದ ಇದೆ. ಆದರೆ ಬಹುಕಾಲ ಅದು ಬರೀ ಸರ್ಕಾರಿ ಆದೇಶದಿಂದ ಹುಟ್ಟಿದ ಮಂಡಳಿ. ರಿಯಾಕ್ಟರ್ ನಡೆಸುವ ಇಲಾಖೆಯ ನೆರಳಲ್ಲೇ ಅದನ್ನು ಕಾಯುವವನೂ ಇದ್ದ. 2012ರಲ್ಲಿ ಸಿಎಜಿ ಇದನ್ನೇ ಎತ್ತಿ ಆಡಿತು. 2011ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ತಂದ ಸ್ವತಂತ್ರ ನಿಯಂತ್ರಣ ಪ್ರಾಧಿಕಾರದ ಮಸೂದೆ ಆ ಲೋಕಸಭೆಯ ಜೊತೆಗೇ ಸತ್ತುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ ಕೊನೆಗೂ ಎಇಆರ್‌ಬಿಗೆ ಶಾಸನದ ಸ್ಥಾನ ಕೊಟ್ಟಿದೆ. ಒಳ್ಳೆಯದು. ಅದೇ ಕಾಯ್ದೆ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದೆ. ಜೊತೆಗೆ 2010ರ ಹೊಣೆಗಾರಿಕೆ ಕಾಯ್ದೆಯ 17(ಬಿ) ಕಲಮನ್ನು ಕೈಬಿಟ್ಟಿದೆ. ದೋಷವಿರುವ ಸಾಮಗ್ರಿ ಕೊಟ್ಟ ಪೂರೈಕೆದಾರನಿಂದ ಅಪಘಾತದ ನಂತರ ಪರಿಹಾರ ವಸೂಲಿ ಮಾಡುವ ಹಕ್ಕು ಸ್ಥಾವರ ನಡೆಸುವವರಿಗೆ ಇದ್ದದ್ದು ಆ ಕಲಮಿನಲ್ಲಿ.

ಟಿವಿ ಚರ್ಚೆಗಳಲ್ಲಿ ಈ 17(ಬಿ) ಅಮೆರಿಕದ, ಫ್ರಾನ್ಸಿನ ಕಂಪನಿಗಳ ತಕರಾರಾಗಿ ಮಾತ್ರ ಬಂತು. ಲೋಹ ಗೊತ್ತಿರುವವರಿಗೆ ಅದು ಬೇರೆ ಥರ ಕಾಣುತ್ತದೆ. ಹೈಡ್ರೋಜನ್ನಿನ ದೋಷ ಡೆಲಿವರಿ ದಿನ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಹೊಕ್ಕ ಹೈಡ್ರೋಜನ್ ಆಗಲಿ, ಸಿಲಿಂಡರಿನಲ್ಲಿ ಬಂದ ಕಲ್ಮಶವಾಗಲಿ, ಐದೋ ಇಪ್ಪತ್ತೋ ವರ್ಷದ ಮೇಲೆ ಮುಖ ತೋರಿಸುತ್ತದೆ. ಅಷ್ಟು ಹೊತ್ತಿಗೆ ಗ್ಯಾರಂಟಿ ಕಾರ್ಡು ಗೆದ್ದಲು ತಿಂದಿರುತ್ತದೆ. ಇಂಥ ತಡವಾದ ದೋಷಗಳಿಗಾಗಿಯೇ ಬೇಕಿದ್ದ ಕಲಮನ್ನು, 2047ಕ್ಕೆ 100 ಗಿಗಾವ್ಯಾಟ್ ಅಂತ ಗುರಿ ಹಾಕಿಕೊಂಡು ನೂರಾರು ಹೊಸ ಪೂರೈಕೆದಾರರನ್ನು ಕರೆಯುವ ಹೊತ್ತಿನಲ್ಲೇ ತೆಗೆದುಹಾಕಿದ್ದು ತಪ್ಪು ಅಂತ ನನ್ನ ಅಭಿಪ್ರಾಯ.

ಇನ್ನು ಗುಟ್ಟಿನ ಮಾತು. ನಮ್ಮೂರಿಂದ ಹುಣಸೂರು ದಾರಿಯಲ್ಲಿ ಮೈಸೂರಿಗೆ ಹೋದರೆ ಯಲವಾಲ ಸಿಗುತ್ತದೆ, ಅಲ್ಲೇ ಹತ್ತಿರ ರತ್ನಹಳ್ಳಿಯ ಯುರೇನಿಯಂ ಪುಷ್ಟೀಕರಣ ಘಟಕ. ಅದರ ಬಗ್ಗೆ ಸರ್ಕಾರ ಬಾಯಿ ಬಿಡುವುದಿಲ್ಲ ಅಂದರೆ ನನಗೆ ಅರ್ಥವಾಗುತ್ತದೆ, ಅದು ನೌಕಾಪಡೆಯ ರಿಯಾಕ್ಟರಿನ ವಿಷಯ. ಕೈಗಾದ ರಿಯಾಕ್ಟರುಗಳೂ ಅಂತರರಾಷ್ಟ್ರೀಯ ತಪಾಸಣೆಯ ಪಟ್ಟಿಯಿಂದ ಹೊರಗೇ ಇವೆ, ಅದೂ ಗೊತ್ತು. ಆದರೆ ಒಂದು ಕೊಳವೆಯಲ್ಲಿ ಎಷ್ಟು ಪಿಪಿಎಂ ಡ್ಯೂಟೀರಿಯಂ ಇದೆ ಅನ್ನುವುದರಿಂದ ಯಾವ ಶತ್ರುವಿಗೆ ಏನು ಸಿಗುತ್ತದೆ? ರಿಯಾಕ್ಟರ್ ಎಷ್ಟು ದಿನ ಓಡಿತು ಅಂತ ತಿಳಿಯಬಹುದು. ಅದನ್ನು ನಾವೇ ವಿಶ್ವದಾಖಲೆ ಅಂತ ಡಂಗುರ ಹೊಡೆದಾಗಿದೆ.

ಕೊಳವೆ ಒಡೆದರೆ ಚೆರ್ನೋಬಿಲ್ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪಿಕರಿಂಗ್‌ನಲ್ಲೂ ಆಗಲಿಲ್ಲ, ಕಾಕ್ರಾಪಾರದಲ್ಲೂ ಆಗಲಿಲ್ಲ. ಯಾರಾದರೂ ಹಾಗೆ ಪೋಸ್ಟ್ ಹಾಕಿದರೆ ದಯವಿಟ್ಟು ಶೇರ್ ಮಾಡಬೇಡಿ. ಆಗುವುದು ಬೇರೆ: ರಿಯಾಕ್ಟರ್ ವರ್ಷಗಟ್ಟಲೆ ನಿಲ್ಲುತ್ತದೆ, ಖರ್ಚು ನಮ್ಮ ವಿದ್ಯುತ್ ದರಕ್ಕೆ ಸೇರುತ್ತದೆ, ಸೋರಿದ ನೀರು ಒರೆಸಲು ಒಳಗೆ ಹೋಗುವವನ ಮೈಗೆ ವಿಕಿರಣ ಸೇರುತ್ತದೆ. ಒಳಗೆ ಹೋಗುವವರಲ್ಲಿ ಗುತ್ತಿಗೆ ಕಾರ್ಮಿಕರು ಇರುತ್ತಾರೆ.

ಕೈಗಾ 1 ಮತ್ತು 2ರ ಕೊಳವೆ ಬದಲಿಸುವ ಸರದಿ ಬಂದಿದೆ. ಹೊರಬಂದ ಹಳೇ ಕೊಳವೆಗಳಲ್ಲಿ ಕೆಲವನ್ನು ಸೀಸದ ಗಾಜಿನ ಹಿಂದೆ ಕತ್ತರಿಸಿ ನೋಡುವುದು ಈ ಕ್ಷೇತ್ರದ ವಾಡಿಕೆ. 25 ವರ್ಷದಲ್ಲಿ ಅವು ನಿಜಕ್ಕೂ ಎಷ್ಟು ಕುಡಿದವು, ಅಂದಾಜು ಎಷ್ಟಿತ್ತು ಅನ್ನುವುದು ಆಗ ತಿಳಿಯುತ್ತದೆ. ಅದರ ಪಕ್ಕದಲ್ಲೇ 3 ಮತ್ತು 4ನೇ ಘಟಕಗಳು ಅದೇ ಲೋಹದ ಕೊಳವೆಗಳೊಂದಿಗೆ ಓಡುತ್ತಿರುತ್ತವೆ. ಎಇಆರ್‌ಬಿ ವೆಬ್‌ಸೈಟಿನಲ್ಲಿ ಮೂರು ಕಾಲಮ್ಮಿನ ಒಂದು ಪಟ್ಟಿ ಹಾಕಿದರೆ ಸಾಕು: ಚಾನಲ್ ನಂಬರ್, ಅಂದಾಜು, ಅಳತೆ.